ಕೇಳಿದ್ದಕ್ಕೆ ಕೊಟ್ಟ ಉತ್ತರ: ನಿರಾಶ್ರಿತರ ಸ್ಮೃತಿಯ ಒಂದು ಸಮೀಕ್ಷೆ

1948ನೆಯ ಇಸವಿಯಲ್ಲಿ ಪೂರ್ವ ಪಂಜಾಬಿನ ಸರ್ಕಾರವು, ಗಡಿಯಾಚೆ ಹೊಲಗದ್ದೆಗಳನ್ನು ಬಿಟ್ಟು ಬಂದ ರೈತರಿಗೆ ಭೂಮಿಯನ್ನು ಹಂಚಿಕೊಡಲು ಉದ್ಯುಕ್ತವಾಗಿ, ಯಾರಿಗೆ ಎಲ್ಲಿ ಎಷ್ಟು ಜಮೀನಿತ್ತೆಂಬುದನ್ನು ಬರೆದುಕೊಡಿರೆಂದು ಕೇಳಿದಾಗ, ಒಂದೇ ತಿಂಗಳೊಳಗೆ ಸುಮಾರು 5 ಲಕ್ಷ ಅರ್ಜಿಗಳು ಬಂದು ಬಿದ್ದುವು. ಹುಟ್ಟಿದೂರನ್ನು ಒಂದು ರಾತ್ರಿಯಲ್ಲಿ ಬಿಟ್ಟು ಬಂದವನ ಕೈಯಲ್ಲಿ ಕಾಗದಪತ್ರವೆಲ್ಲಿಯದು? ಅವನು ತಂದಿದ್ದುದು ತನ್ನ ನೆನಪನ್ನು ಮಾತ್ರ. ಆ ನೆನಪನ್ನು ಒರೆಗೆ ಹಚ್ಚುವುದಕ್ಕೆ ಅಧಿಕಾರಿಗಳು ಕಂಡುಕೊಂಡ ಉಪಾಯ ಸರಳವೂ ಗಂಭೀರವೂ ಆಗಿದ್ದಿತು. ಒಂದೊಂದು ಊರಿನಿಂದ ಚದುರಿ ಬಂದಿದ್ದ ಸಂಸಾರಗಳವರನ್ನು ಒಂದೆಡೆ ಕೂಡಿಸಿ, ಆ ಬಹಿರಂಗ ಸಭೆಯಲ್ಲಿ ಸರ್ಕಾರಿ ನೌಕರನೊಬ್ಬನು ಅರ್ಜಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತ ಹೋಗುವನು. ನೆರೆಹೊರೆಯವರು ಕೇಳಿ, ಸರಿಯಿದ್ದರೆ ಒಪ್ಪುವರು, ಹೆಚ್ಚುಕಡಿಮೆಯಿದ್ದರೆ ತಿದ್ದುವರು, ಸುಳ್ಳಾದರೆ ತಳ್ಳಿಹಾಕುವರು. ಹೊಲದ ಎಲ್ಲೆಯನ್ನು ಹಿಗ್ಗಿಸಿ ಬರೆಸಿದ್ದವನು ಬದುವಿನಾಚೆಯ ಹಳೆಯ ನೆರೆಯವನ ಎದುರಿಗೆ ತಲೆ ತಗ್ಗಿಸಬೇಕಾಗುತ್ತಿದ್ದಿತು. ಹೀಗೆ, ಯಾರೂ ಮರಳಿ ಹೋಗಲಾಗದ ಒಂದು ಊರು, ಅದರ ನಾಲೆ, ಬಾವಿ, ಬದುಗಳ ಸಮೇತ, ಪರಸ್ಥಳದ ಬಯಲಿನಲ್ಲಿ ಕೆಲವು ಗಂಟೆಗಳ ಕಾಲ ಮಾತಿನಲ್ಲಿ ಎದ್ದುನಿಲ್ಲುತ್ತಿದ್ದಿತು.

ಆ ಸಭೆಗಳನ್ನು ಕುರಿತು ಓದುವಾಗಲೆಲ್ಲ, ಅಲ್ಲಿ ಓದಲ್ಪಡದೆ ಉಳಿದುದರ ಕಡೆಗೆ ನನ್ನ ಮನಸ್ಸು ಹರಿಯುತ್ತದೆ. ಯಾವ ಮನೆಯ ಮಗಳು ಗಡಿಯ ಈಚೆಗೆ ಬಂದು ಸೇರಲಿಲ್ಲ, ಯಾವ ಮುದುಕಿಯನ್ನು ನಡೆಯಲಾರಳೆಂದು ಕಟ್ಟೆಯ ಮೇಲೆ ಕೂರಿಸಿ ಬಂದರು, ಯಾವ ತಂದೆ ತನ್ನ ಕೈಯಾರೆ ಏನು ಮಾಡಿದನು, ಎಂಬುದೆಲ್ಲ ಅಲ್ಲಿ ಕುಳಿತವರಿಗೆ ಎಕರೆಗಳ ಲೆಕ್ಕದಷ್ಟೇ ಸ್ಪಷ್ಟವಾಗಿ ತಿಳಿದಿದ್ದಿತು. ಆದರೆ ಅರ್ಜಿಯ ನಮೂನೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ. ಕೇಳುವವನಿಗೆ ಅದರ ಅವಶ್ಯಕತೆಯಿರಲಿಲ್ಲ. ಯುದ್ಧ ಮತ್ತು ವಲಸೆಗಳನ್ನು ದಾಟಿ ಬದುಕುಳಿದ ಸಾಮಾನ್ಯ ಜನರ ಸ್ಮೃತಿಯನ್ನು ಕುರಿತು ಕಳೆದ ಮೂರು ದಶಕಗಳಲ್ಲಿ ನಮ್ಮ ದೇಶದಲ್ಲಿ ಬಹಳ ಬರೆಯಲಾಗಿದೆ. ಅದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ದೃಢವಾಗಿ ತೋರುವುದು ಇಷ್ಟು: ನಿರಾಶ್ರಿತನ ನೆನಪು ಅವನೊಳಗೆ ತಾನೇ ತಾನಾಗಿ ರೂಪುಗೊಂಡ ವಸ್ತುವಲ್ಲ. ಅವನನ್ನು ಮೊದಲು ಯಾರು ಕೇಳಿದರು, ಏನನ್ನು ಕೇಳಿದರು, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅವನಿಗೆ ಏನು ದೊರೆಯುವಂತಿತ್ತು, ಇವುಗಳಿಗನುಸಾರವಾಗಿ ಆ ನೆನಪು ನುಡಿಯಾಯಿತು; ಕೇಳದೆ ಬಿಟ್ಟ ಭಾಗವು ಮೌನವಾಯಿತು.

ದೇಶವಿಭಜನೆಯನ್ನು ಯುದ್ಧವೆಂದು ಯಾರೂ ಘೋಷಿಸಲಿಲ್ಲ. ಆದರೂ ಊರುಗಳಿಗೆ ಮುತ್ತಿಗೆ, ರೈಲುಗಳ ಮೇಲೆ ದಾಳಿ, ಶಿಬಿರ, ಕಾಲರಾ, ಮೈಲಿಗಟ್ಟಲೆ ಉದ್ದವಾಗಿ ಸಾಗಿದ ಎತ್ತಿನ ಬಂಡಿಗಳ ಕಾಫಿಲಾ, ಇವುಗಳಲ್ಲಿ ಯುದ್ಧದ ಯಾವ ಲಕ್ಷಣವೂ ಕಡಿಮೆಯಿರಲಿಲ್ಲ. ಗಡಿರೇಖೆಯನ್ನು ಎಳೆಯಲು ಬಂದ ರ್‍ಯಾಡ್‌ಕ್ಲಿಫರು ಭಾರತದ ನೆಲವನ್ನು ತುಳಿದದ್ದು 1947ರ ಜುಲೈ ತಿಂಗಳಿನಲ್ಲಿ. ರೇಖೆ ಪ್ರಕಟವಾದದ್ದು ಆಗಸ್ಟ್ 17ರಂದು, ಎಂದರೆ ಭಾರತ, ಪಾಕಿಸ್ತಾನಗಳೆರಡೂ ಸ್ವಾತಂತ್ರ್ಯೋತ್ಸವವನ್ನು ಆಚರಿಸಿ ಮುಗಿಸಿದ ಮೇಲೆ. ಮನೆ ಬಿಟ್ಟವರು ಒಂದು ಕೋಟಿಗೂ ಮಿಕ್ಕಿದ್ದರು. ಸತ್ತವರ ಸಂಖ್ಯೆಯನ್ನು 2 ಲಕ್ಷವೆಂದು ಹೇಳಿದವರೂ ಉಂಟು, 10 ಲಕ್ಷವೆಂದು ಹೇಳಿದವರೂ ಉಂಟು. ಈ ಎರಡರ ನಡುವಣ ಅಂತರವೇ, ಲೆಕ್ಕವಿಡಬೇಕಾಗಿದ್ದವರು ಆಗ ಎಷ್ಟರಮಟ್ಟಿಗೆ ಕೈಚೆಲ್ಲಿದ್ದರೆಂಬುದಕ್ಕೆ ಸಾಕ್ಷಿ.

ಪಶ್ಚಿಮದ ಕಡೆಯಿಂದ ಬಂದವರನ್ನು ಸರ್ಕಾರ ಕೇಳಿದ ಪ್ರಶ್ನೆ ಆಸ್ತಿಯದು. ಹಿಂದೂ ಮತ್ತು ಸಿಖ್ ರೈತರು ಪಶ್ಚಿಮ ಪಂಜಾಬಿನಲ್ಲಿ ಬಿಟ್ಟು ಬಂದ ಭೂಮಿ ಸುಮಾರು 67 ಲಕ್ಷ ಎಕರೆ. ಮುಸಲ್ಮಾನ ರೈತರು ಪೂರ್ವ ಪಂಜಾಬಿನಲ್ಲಿ ಬಿಟ್ಟು ಹೋದದ್ದು ಸುಮಾರು 47 ಲಕ್ಷ ಎಕರೆ. ನಾಲೆಯ ನೀರುಣ್ಣುವ ಫಲವತ್ತಾದ ನೆಲವನ್ನೂ ಮಳೆಯನ್ನೇ ನೆಚ್ಚಿದ ಒಣಭೂಮಿಯನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಅನ್ಯಾಯವಾದುದರಿಂದ, ಪುನರ್ವಸತಿಯ ಹೊಣೆ ಹೊತ್ತಿದ್ದ ತರಲೋಕ್ ಸಿಂಗ್ ಎಂಬ ಅಧಿಕಾರಿ, ವಿಸ್ತೀರ್ಣವನ್ನು ಬಿಟ್ಟು ಇಳುವರಿಯನ್ನು ಆಧಾರವಾಗಿಟ್ಟುಕೊಂಡು ‘ಪ್ರಮಾಣ ಎಕರೆ’ ಎಂಬ ಮಾನವನ್ನು ಕಲ್ಪಿಸಿದರು. ಒಟ್ಟು ನೆಲ ಸಾಲದಾಗಿದ್ದುದರಿಂದ ಎಲ್ಲರಿಗೂ ಕಡಿತವಾಯಿತು. ಚಿಕ್ಕ ಹಿಡುವಳಿಗೆ ಕಾಲುಭಾಗ, ಹಿಡುವಳಿ ದೊಡ್ಡದಾದಂತೆಲ್ಲ ಕಡಿತವೂ ಹಿಗ್ಗುತ್ತ, 500 ಎಕರೆಗೆ ಮೇಲ್ಪಟ್ಟವರ ಪಾಲಿಗೆ ನೂರಕ್ಕೆ 95ರಷ್ಟು. 1949ರ ಕೊನೆಯ ಹೊತ್ತಿಗೆ ಎರಡೂವರೆ ಲಕ್ಷದಷ್ಟು ಹಂಚಿಕೆಗಳು ಆಗಿಹೋಗಿದ್ದುವು. ಅಷ್ಟೊಂದು ಗೋಳಿನ ನಡುವೆ ಇಷ್ಟು ಬೇಗ, ಇಷ್ಟು ನ್ಯಾಯಬುದ್ಧಿಯಿಂದ ನಡೆದ ಈ ಕಾರ್ಯವನ್ನು ಸ್ಮರಿಸುವಾಗ ಯಾರಿಗಾದರೂ ಗೌರವ ಹುಟ್ಟುವುದು ಸಹಜ, ನನಗೂ ಹುಟ್ಟುತ್ತದೆ. ತರುವಾಯ 1950ರಲ್ಲಿ ಹಕ್ಕುಪತ್ರಗಳ ಪರಿಶೀಲನೆಗಾಗಿ ಒಂದು ಕಾಯಿದೆ, 1954ರಲ್ಲಿ ಪರಿಹಾರ ಮತ್ತು ಪುನರ್ವಸತಿಗಾಗಿ ಮತ್ತೊಂದು ಕಾಯಿದೆ ಬಂದುವು. ನಗರದ ಮನೆ, ಅಂಗಡಿ, ಮಳಿಗೆಗಳವರೂ ತಮ್ಮ ನಷ್ಟವನ್ನು ರೂಪಾಯಿಗಳಲ್ಲಿ ಬರೆದುಕೊಟ್ಟರು.

ಹೀಗೆ ಒಂದು ಪೀಳಿಗೆಯ ಜನ ತಮ್ಮ ಗತಜೀವನವನ್ನು ‘ಕ್ಲೇಮಿ’ನ ಭಾಷೆಯಲ್ಲಿ ಹೇಳಿ ಹೇಳಿ ಅಭ್ಯಾಸಮಾಡಿಕೊಂಡರು. ದೆಹಲಿಯಲ್ಲಿಯೂ ಪಂಜಾಬಿನಲ್ಲಿಯೂ ಮೊಮ್ಮಕ್ಕಳು ಅಜ್ಜನಿಂದ ಕೇಳಿದ ಕಥೆಗಳಲ್ಲಿ, ಇಷ್ಟು ಎಕರೆ, ಇಷ್ಟು ಅಂತಸ್ತಿನ ಹವೇಲಿ, ಇಷ್ಟು ಎಮ್ಮೆಗಳು ಎಂಬ ವರ್ಣನೆ ನಿರರ್ಗಳವಾಗಿ ಹರಿದು, ಹಾದಿಯಲ್ಲಿ ನಡೆದುದರ ಬಳಿಗೆ ಬಂದೊಡನೆಯೇ ಕಥೆ ನಿಂತುಹೋಗುವುದನ್ನು ಸಂದರ್ಶಕರು ಅನೇಕರು ಗುರುತಿಸಿದ್ದಾರೆ. ಇದನ್ನು ಬರಿಯ ಬಡಾಯಿಯೆಂದು ತಳ್ಳಿಹಾಕುವುದು ಕ್ರೌರ್ಯ. ಆ ಅಜ್ಜನು ಪ್ರಮಾಣವಚನ ಮಾಡಿ, ನೆರೆಯವರ ಎದುರಿಗೆ, ಸರ್ಕಾರದ ಮುಂದೆ ನಿಂತು ಹೇಳಲು ಅವಕಾಶ ದೊರೆತಿದ್ದ ಏಕಮಾತ್ರ ಭಾಗ ಅದು.

ಆಸ್ತಿಯ ಪ್ರಶ್ನೆಯ ಜೊತೆಗೆ ದುಡಿಮೆಯ ಪ್ರಶ್ನೆಯನ್ನೂ ಕೇಳಿದವರಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು ಕಟ್ಟಿ, ವಾಯವ್ಯ ಸರಹದ್ದಿನ ಬನ್ನು ಮೊದಲಾದ ಕಡೆಗಳಿಂದ ಬಂದ ಹಿಂದೂ ಕುಟುಂಬಗಳು ಫರೀದಾಬಾದ್ ಪಟ್ಟಣವನ್ನು ತಮ್ಮ ಕೈಗಳಿಂದಲೇ ಕಟ್ಟಿಕೊಳ್ಳುವಂತೆ ಮಾಡುವ ಯತ್ನದಲ್ಲಿ ಮುಂದಾಳಾಗಿ ನಿಂತರು. ಧರ್ಮದ ಗಂಜಿಯ ಮೇಲೆ ಬದುಕುವುದು ಮನುಷ್ಯನನ್ನು ಕುಗ್ಗಿಸುತ್ತದೆಂಬುದು ಅವರ ದೃಢವಾದ ನಂಬಿಕೆಯಾಗಿದ್ದಿತು. ಆ ಕಾರ್ಯದಲ್ಲಿ ತರುಣರಾಗಿ ದುಡಿದ ಎಲ್. ಸಿ. ಜೈನರು 1998ರಲ್ಲಿ ಪ್ರಕಟಿಸಿದ ಫರೀದಾಬಾದಿನ ವೃತ್ತಾಂತವನ್ನು ಓದಿದರೆ, ಅಲ್ಲಿಯ ನೆನಪಿನ ಧಾಟಿಯೇ ಬೇರೆಯೆಂದು ತಿಳಿಯುತ್ತದೆ. ಅಲ್ಲಿ ಇಟ್ಟಿಗೆ, ಗಾರೆ, ಕೂಲಿ, ಸಹಕಾರ ಸಂಘದ ಜಗಳ, ಇವೇ ಕಥೆಯ ಸಾಮಗ್ರಿ.

ಇನ್ನು ಅಂಕಣವಿಲ್ಲದ ನಷ್ಟದ ವಿಷಯ. ಅಪಹೃತರಾದ ಹೆಣ್ಣುಮಕ್ಕಳ ಪಟ್ಟಿಗಳನ್ನು ಎರಡೂ ಸರ್ಕಾರಗಳು ತಯಾರಿಸಿದುವು. 1947ರ ಡಿಸೆಂಬರಿನಲ್ಲಿ ಅವರನ್ನು ಪರಸ್ಪರ ಹಿಂದಿರುಗಿಸುವ ಒಪ್ಪಂದವಾಯಿತು. 1949ರಲ್ಲಿ ಭಾರತದ ಶಾಸನಸಭೆ ಅದಕ್ಕಾಗಿ ಒಂದು ಕಾಯಿದೆಯನ್ನೇ ಮಾಡಿತು. ಆ ಕಾಯಿದೆಯ ಪ್ರಕಾರ, 1947ರ ಮಾರ್ಚ್ 1ಕ್ಕೆ ಮೊದಲು ಮುಸಲ್ಮಾನಳಾಗಿದ್ದು, ಆ ದಿನದಿಂದೀಚೆಗೆ ಸ್ವಂತ ಕುಟುಂಬದಿಂದ ಅಗಲಿ, ಅನ್ಯಧರ್ಮದವರ ಮನೆಯಲ್ಲಿ ಇರುವ ಹೆಂಗಸು, ಎಷ್ಟೇ ವಯಸ್ಸಿನವಳಾಗಿರಲಿ, ಅಪಹೃತಳು. ಗಂಡಾದರೆ 16 ವರ್ಷದೊಳಗಿನ ಬಾಲಕನು ಮಾತ್ರ ಆ ವರ್ಗಕ್ಕೆ ಸೇರುವನು. ಹೆಣ್ಣಿಗೆ ನಲವತ್ತು ವರ್ಷವಾಗಿದ್ದರೂ ಅವಳ ಇಷ್ಟವೇನೆಂದು ಕೇಳಬೇಕಾದ ನಿರ್ಬಂಧವನ್ನು ಶಾಸನ ಹಾಕಿಕೊಳ್ಳಲಿಲ್ಲ. ಒಟ್ಟಿನಲ್ಲಿ 30 ಸಾವಿರದಷ್ಟು ಮಂದಿ ಸ್ತ್ರೀಯರು ಹೀಗೆ ಗಡಿಯನ್ನು ದಾಟಿಸಲ್ಪಟ್ಟರು. ಅವರಲ್ಲಿ ಹಂಬಲಿಸಿ ಹಂಬಲಿಸಿ ಬಂದವರೂ ಇದ್ದರು. ಕೈಕೂಸನ್ನು ಎದೆಗವಚಿಕೊಂಡು ಬರಲೊಲ್ಲೆನೆಂದು ಅತ್ತವರೂ ಇದ್ದರು. ಬಂದ ಮೇಲೆ ಬಾಗಿಲು ತೆರೆಯದ ತವರುಗಳೂ ಇದ್ದುವು. ಮಗಳನ್ನು ಮನೆಗೆ ಸೇರಿಸಿಕೊಳ್ಳಿರೆಂದು ಗಾಂಧೀಜಿಯೂ ನೆಹರೂ ಅವರೂ ಜನರನ್ನು ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು.

ಈ ಸ್ತ್ರೀಯರ ಸ್ವಂತ ನುಡಿ ನಮಗೆ ದೊರೆಯುವುದು ತೀರ ವಿರಳ. ನಮಗಿರುವುದು ಅವರ ನಡುವೆ ದುಡಿದ ಸೇವಕಿಯರ ಬರವಣಿಗೆ. ಪತಿ ಶಫೀ ಅಹಮದ್ ಕಿದ್ವಾಯಿಯವರು 1947ರ ಅಕ್ಟೋಬರಿನಲ್ಲಿ ಮಸ್ಸೂರಿಯಲ್ಲಿ ಕೊಲೆಯಾದ ಬಳಿಕ, ಅನೀಸ್ ಕಿದ್ವಾಯಿಯವರು ದುಃಖವನ್ನು ಹೊತ್ತು ಗಾಂಧೀಜಿಯ ಬಳಿಗೆ ಬಂದರು. ಅವರ ಮಾತಿನಂತೆ ದೆಹಲಿಯ ಪುರಾನಾ ಕಿಲಾ ಮತ್ತು ಹುಮಾಯೂನನ ಗೋರಿಯ ಶಿಬಿರಗಳಲ್ಲಿ ಸೇವೆಗೆ ನಿಂತರು. ಅಲ್ಲಿ ಕಂಡದ್ದನ್ನು ಅವರು ಉರ್ದುವಿನಲ್ಲಿ ಬರೆದಿಟ್ಟದ್ದು ಎರಡು ವರ್ಷಗಳೊಳಗಾಗಿ. ‘ಆಜಾದೀ ಕೀ ಛಾಂವ್ ಮೇಂ’ ಎಂಬ ಆ ಗ್ರಂಥ ಅಚ್ಚಾದದ್ದು 1974ರಲ್ಲಿ. ಅಪಹೃತ ಸ್ತ್ರೀಯರನ್ನು ಮರಳಿಸುವ ಕಾರ್ಯದ ಮುಂದಾಳಾಗಿದ್ದ ಮೃದುಲಾ ಸಾರಾಭಾಯಿಯವರ ಕೈಕೆಳಗೆ ಲಾಹೋರಿನಲ್ಲಿ ದುಡಿದ ಕಮಲಾಬೆನ್ ಪಟೇಲರು ಗುಜರಾತಿಯಲ್ಲಿ ತಮ್ಮ ಅನುಭವವನ್ನು ಬರೆಯುವುದಕ್ಕೂ ದಶಕಗಳೇ ಬೇಕಾದುವು. ಸಾಕ್ಷಿಗಳು ಮರೆತಿರಲಿಲ್ಲ, ಬರೆದದ್ದನ್ನು ಓದುವ ಮನಸ್ಸು ಸಮಾಜಕ್ಕಿರಲಿಲ್ಲವೆಂದೇ ಹೇಳಬೇಕು.

ಮೌನಕ್ಕಿಂತಲೂ ಬಿಗಿಯಾದ ಮತ್ತೊಂದು ಕವಚವುಂಟು, ಅದು ವೀರಗಾಥೆ. ರಾವಲ್ಪಿಂಡಿ ಜಿಲ್ಲೆಯ ಥೋಹಾ ಖಾಲ್ಸಾ ಎಂಬ ಹಳ್ಳಿಯಲ್ಲಿ 1947ರ ಮಾರ್ಚ್ ತಿಂಗಳಿನಲ್ಲಿ, ಮುತ್ತಿಗೆಗೆ ಸಿಕ್ಕಿದ ಸಿಖ್ ಕುಟುಂಬಗಳ ಸುಮಾರು 90 ಮಂದಿ ಹೆಂಗಸರು, ಮಕ್ಕಳನ್ನೂ ಕಟ್ಟಿಕೊಂಡು, ಶತ್ರುಗಳ ಕೈಗೆ ಸಿಕ್ಕಬಾರದೆಂದು ಬಾವಿಗೆ ಹಾರಿದರು. ಆ ಸಂಗತಿ ವರ್ಷಾಂತರಗಳಲ್ಲಿ ಬಲಿದಾನದ ಕಥೆಯಾಗಿ ಗುರುದ್ವಾರಗಳ ಸ್ಮರಣ ಸಭೆಗಳಲ್ಲಿ ಪಠಿಸಲ್ಪಟ್ಟಿತು. ಭೀಷ್ಮ ಸಾಹನಿಯವರ ‘ತಮಸ್’ ಕಾದಂಬರಿಯಲ್ಲಿಯೂ ಅಂತಹ ಒಂದು ಬಾವಿ ಬರುತ್ತದೆ. ವಿಭಜನೆಯ ಸ್ಮೃತಿಗಳನ್ನು ಸಂಗ್ರಹಿಸಿದ ಲೇಖಕಿ ಊರ್ವಶಿ ಬುಟಾಲಿಯಾ ಅವರು ಆ ಬಾವಿಗೆ ಹಾರಿಯೂ ಬದುಕಿ ಉಳಿದಿದ್ದ ಒಬ್ಬ ವೃದ್ಧೆಯನ್ನು ಮಾತನಾಡಿಸಿದರು. ಆಕೆ ಹೇಳಿದ್ದು ವೀರಗಾಥೆಯಲ್ಲ. ತಾನು ಹಾರುವ ಹೊತ್ತಿಗೆ ಬಾವಿ ಹೆಣಗಳಿಂದ ತುಂಬಿಹೋಗಿತ್ತು, ಮುಳುಗಲು ನೀರು ಸಾಲಲಿಲ್ಲ, ಮತ್ತೆ ಮತ್ತೆ ಹಾರಿದರೂ ಸಾವು ಬರಲಿಲ್ಲ ಎಂದು ಆಕೆ ಹೇಳಿದಳು. ಆ ಊರಿನ ಗಂಡಸರ ಕಥೆಯಲ್ಲಿ ಸಂಕಲ್ಪವಿದೆ, ಧರ್ಮವಿದೆ, ಕೀರ್ತಿಯಿದೆ. ಈ ಮುದುಕಿಯ ಕಥೆಯಲ್ಲಿ ಇರುವುದು ನೀರಿನ ಮಟ್ಟ. ಅದೇ ಮಾರ್ಚ್ ತಿಂಗಳಿನಲ್ಲಿ ತಂದೆಯರೂ ಸೋದರರೂ ಮಾನರಕ್ಷಣೆಯ ಹೆಸರಿನಲ್ಲಿ ತಮ್ಮ ಮನೆಯ ಹೆಣ್ಣುಮಕ್ಕಳನ್ನು ಕೊಂದದ್ದನ್ನು ‘ಹುತಾತ್ಮರಾದರು’ ಎಂಬ ಒಂದೇ ಮಾತಿನಿಂದ ಮುಚ್ಚಲಾಗಿದೆ. ಸತ್ತವರು ಒಪ್ಪಿದ್ದರೇ ಎಂಬುದನ್ನು ಈಗ ಯಾರಲ್ಲಿಯೂ ಕೇಳುವಂತಿಲ್ಲ. ಒಪ್ಪಿದ್ದರೆಂದು ಬದುಕುಳಿದವರು ಹೇಳುವಾಗ, ಅವರ ದುಃಖಕ್ಕೆ ಮಣಿದು ಸುಮ್ಮನಾಗಬಹುದು. ಇತಿಹಾಸವೆಂದು ಅದನ್ನು ಬರೆದುಕೊಳ್ಳುವುದು ತರವಲ್ಲ.

ಪೂರ್ವದ ಗಡಿಯಲ್ಲಿ ವಿಷಯವೇ ಬೇರೆಯಾಯಿತು. ಪೂರ್ವ ಬಂಗಾಳದ ಹಿಂದೂಗಳು ಹಿಂತಿರುಗಿ ಹೋಗುವರೆಂಬ ಭರವಸೆಯನ್ನು ಸರ್ಕಾರ ಬಹುಕಾಲ ಬಿಡಲಿಲ್ಲ. 1950ರ ಏಪ್ರಿಲ್ 8ರ ನೆಹರೂ–ಲಿಯಾಕತ್ ಒಪ್ಪಂದದ ಆಶಯವೂ ಅದೇ. ಅದರಿಂದ, ಪಶ್ಚಿಮದವರಿಗಿದ್ದಂತಹ ಪರಿಹಾರದ ಕಾಯಿದೆ ಅವರ ಪಾಲಿಗೆ ಬರಲಿಲ್ಲ. ಬಂದವರೂ ಒಮ್ಮೆಗೇ ಬರಲಿಲ್ಲ. 1947ರಲ್ಲಿ ಕೆಲವರು, 1950ರ ಗಲಭೆಗಳ ತರುವಾಯ ಬಹುಮಂದಿ, 1964ರಲ್ಲಿ ಮತ್ತಷ್ಟು, ಹೀಗೆ ಅಲೆಯಲೆಯಾಗಿ ಬಂದು ಸಿಯಾಲ್ದಾ ನಿಲ್ದಾಣದ ಕಲ್ಲುಹಾಸಿನ ಮೇಲೆ ಗಂಟುಮೂಟೆಗಳನ್ನು ಇಳಿಸಿದರು. ಕಲ್ಕತ್ತೆಯ ದಕ್ಷಿಣದ ಬೀಳುಭೂಮಿಯಲ್ಲಿ ತಾವಾಗಿಯೇ ಗುಡಿಸಿಲು ಹಾಕಿ ಬಿಜಯಗಢ, ಆಜಾದಗಢ ಎಂಬ ವಸತಿಗಳನ್ನು ಕಟ್ಟಿದರು. ಇವರನ್ನು ಯಾರೂ ‘ಎಷ್ಟು ಎಕರೆ’ ಎಂದು ಕೇಳಲಿಲ್ಲ. ಆದುದರಿಂದಲೇ ಇವರ ನೆನಪು ಅರ್ಜಿಯ ದಾರಿಯನ್ನು ಬಿಟ್ಟು ಸಾಹಿತ್ಯದ ದಾರಿಯನ್ನು ಹಿಡಿಯಿತೆಂದು ನನಗೆ ತೋರುತ್ತದೆ.

1950ರಿಂದ ‘ಯುಗಾಂತರ’ ಪತ್ರಿಕೆಯಲ್ಲಿ ಅಚ್ಚಾದ, ಮುಂದೆ ದಕ್ಷಿಣಾರಂಜನ ಬಸು ಅವರು ‘ಛೇಡೆ ಆಸಾ ಗ್ರಾಮ್’ ಎಂಬ ಹೆಸರಿನಲ್ಲಿ ಸಂಕಲಿಸಿದ ಲೇಖನಮಾಲೆ ಇದಕ್ಕೆ ಶ್ರೇಷ್ಠ ಉದಾಹರಣೆ. ಒಂದೊಂದು ಲೇಖನವೂ ಒಂದೊಂದು ಹಳ್ಳಿಯದು. ನದಿ, ದೋಣಿ, ದುರ್ಗಾಪೂಜೆ, ಶಾಲೆಯ ಮಾಸ್ತರರು, ತೆಂಗಿನ ತೋಪು, ಎಲ್ಲವೂ ಪ್ರಾತಃಕಾಲದ ಕಾಂತಿಯಲ್ಲಿ ಮಿಂದು ನಿಂತಿವೆ. ದೀಪೇಶ್ ಚಕ್ರವರ್ತಿಯವರು ಈ ಮಾಲೆಯನ್ನು ಕುರಿತು ಬರೆದ ವಿಮರ್ಶೆ, ಸ್ಮೃತಿವಿಚಾರದಲ್ಲಿ ನಾವು ಓದಲೇಬೇಕಾದ ಬರಹ. ಈ ಹಳ್ಳಿಗಳಲ್ಲಿ ಮುಸಲ್ಮಾನ ನೆರೆಯವನು ಹಬ್ಬಕ್ಕೆ ಬರುವ ಅತಿಥಿಯಾಗಿ, ನಿಷ್ಠೆಯುಳ್ಳ ಒಕ್ಕಲಾಗಿ ಕಾಣಿಸಿಕೊಳ್ಳುವನೇ ಹೊರತು, ತನ್ನದೇ ಆದ ಬದುಕು, ಅಸಮಾಧಾನ, ಆಶೆಗಳುಳ್ಳ ಮನುಷ್ಯನಾಗಿ ಕಾಣುವುದಿಲ್ಲ; ಅದರಿಂದ, ಅವನು ಹಠಾತ್ತಾಗಿ ತಿರುಗಿ ಬಿದ್ದದ್ದೇಕೆಂಬುದು ಬರೆದವರಿಗೆ ಕೊನೆಯವರೆಗೂ ಅರ್ಥವಾಗುವುದಿಲ್ಲ. ಪ್ರೀತಿಯಿಂದ ನೆನೆದ ಊರಿನಲ್ಲಿಯೂ ಕೆಲವರು ಅಂಗಳದಾಚೆಯೇ ನಿಂತಿರುತ್ತಾರೆ. ಋತ್ವಿಕ್ ಘಟಕರು 1960ರ ‘ಮೇಘೇ ಢಾಕಾ ತಾರಾ’ ಚಿತ್ರದಲ್ಲಿ ಬಿಟ್ಟ ಊರನ್ನು ತೋರಿಸುವ ಗೊಡವೆಗೇ ಹೋಗದೆ, ನಿರಾಶ್ರಿತರ ವಸತಿಯ ಒಂದು ಮನೆಯನ್ನು ಹೊತ್ತು ಸವೆದುಹೋಗುವ ದುಡಿಯುವ ಮಗಳನ್ನು ನಡುವೆ ನಿಲ್ಲಿಸಿದರು. ಸ್ಥಳಾಂತರವೆಂಬುದು ಬಂದ ದಿನಕ್ಕೆ ಮುಗಿಯದೆ ಹತ್ತಾರು ವರ್ಷ ಹೆಣ್ಣಿನ ದೇಹದ ಮೇಲೆ ನಡೆಯುವ ಕ್ರಿಯೆಯೆಂಬುದನ್ನು ಅವರಷ್ಟು ತೀವ್ರವಾಗಿ ಕಂಡವರು ಅಪರೂಪ.

ಕೇಳುವವರೇ ಇಲ್ಲದಿದ್ದರೆ ಸ್ಮೃತಿ ಏನಾಗುತ್ತದೆಂಬುದಕ್ಕೆ ವಿಭಜನೆಗೆ ಐದು ವರ್ಷ ಮೊದಲಿನ ಬರ್ಮಾ ವಲಸೆಯೇ ನಿದರ್ಶನ. 1941ರ ಡಿಸೆಂಬರ್ 23ರಂದು ಜಪಾನೀಯರ ಬಾಂಬುಗಳು ರಂಗೂನಿನ ಮೇಲೆ ಬಿದ್ದುವು. ಬಂದರಿನ ಹಮಾಲರು, ಜಾಡಮಾಲಿಗಳು, ಅಕ್ಕಿ ಗಿರಣಿಯ ಕೂಲಿಗಳು, ಗುಮಾಸ್ತರು, ವರ್ತಕರು, ಹೀಗೆ ತೆಲುಗು, ತಮಿಳು, ಒಡಿಯಾ, ಬಂಗಾಳಿ ನುಡಿಯುವ 4 ಲಕ್ಷಕ್ಕೂ ಮಿಕ್ಕ ಭಾರತೀಯರು ಮುಂದಿನ ತಿಂಗಳುಗಳಲ್ಲಿ ಅರಾಕಾನಿನ ಬೆಟ್ಟಗಳನ್ನು ಹಾಯ್ದು ಚಿತ್ತಗಾಂಗಿಗೆ, ತಾಮುವಿನ ಮೇಲೆ ಹಾಯ್ದು ಮಣಿಪುರಕ್ಕೆ, ಮಳೆಗಾಲ ಹಿಡಿದ ಮೇಲೆ ಹುಕಾವಂಗ್ ಕಣಿವೆಯ ಕೆಸರಿನಲ್ಲಿ ಹೂತು ಅಸ್ಸಾಮಿಗೆ ನಡೆದರು. ಹಾದಿಯಲ್ಲಿ ಸತ್ತವರನ್ನು 10 ಸಾವಿರದಿಂದ 50 ಸಾವಿರದವರೆಗೆ ಊಹಿಸಿದ್ದಾರೆ. ಯೂರೋಪಿಯನ್ನರಿಗೊಂದು, ಭಾರತೀಯರಿಗೊಂದು ದಾರಿಯನ್ನು ಏರ್ಪಡಿಸಿದ್ದರೆಂಬ ಆಕ್ಷೇಪವೂ ಆಗ ಎದ್ದಿತು. ಚಹಾ ತೋಟದವರು ತಾವು ನಡೆಸಿದ ಶಿಬಿರಗಳ ವರದಿ ಬರೆದರು. ಬಿಳಿಯರೂ ಆಂಗ್ಲೋ–ಇಂಡಿಯನ್ನರೂ ತಮ್ಮ ಪ್ರಯಾಣದ ಕಥನಗಳನ್ನು ಬರೆದರು. ಮಾರಿಗೆ ಮಾರು ನೆಲವನ್ನು ತುಳಿದು ಬಂದ ಕೂಲಿಯವನು ಬರೆಯಲಿಲ್ಲ, ಅವನಿಂದ ಬರೆಸಿಕೊಂಡವರೂ ಇಲ್ಲ. ಹ್ಯೂ ಟಿಂಕರರು 1975ರಲ್ಲಿ ಈ ನಡಿಗೆಯನ್ನು ಕುರಿತು ಲೇಖನ ಬರೆದಾಗ, ಅದನ್ನು ಮರೆತುಹೋದ ಮಹಾಯಾತ್ರೆಯೆಂದೇ ಕರೆಯಬೇಕಾಯಿತು.

ವಿಭಜನೆಯ ಮೌನ ಒಡೆದ ಬಗೆಯೂ ಗಮನಾರ್ಹ. ಹಳೆಯ ಗಾಯವನ್ನು ಬಾಯಿಬಿಡಿಸಿದ್ದು ಪ್ರತಿಸಲವೂ ಹೊಸ ಗಾಯವೇ. ರಾವಲ್ಪಿಂಡಿಯ ಭೀಷ್ಮ ಸಾಹನಿಯವರು 1970ರ ಭಿವಂಡಿಯ ಗಲಭೆಯ ತರುವಾಯ ಅಲ್ಲಿಯ ಸುಟ್ಟ ಬೀದಿಗಳನ್ನು ನೋಡಿ ಬಂದ ಮೇಲೆ ‘ತಮಸ್’ ಬರೆಯಲು ಕುಳಿತರು. ಬುಟಾಲಿಯಾ ಅವರು 1984ರಲ್ಲಿ ದೆಹಲಿಯ ಸಿಖ್ಖರ ಕೊಲೆಗಳ ಬಳಿಕ ಸಂತ್ರಸ್ತರ ನಡುವೆ ಕೆಲಸಮಾಡುತ್ತಿದ್ದಾಗ, ಇದು ಮತ್ತೊಮ್ಮೆ ವಿಭಜನೆಯಂತಾಯಿತೆಂದು ಮುದುಕರು ಆಡಿಕೊಂಡ ಮಾತೇ ಅವರನ್ನು ಸ್ವಂತ ಮನೆಯ ಕಥೆಯ ಕಡೆಗೆ ತಿರುಗಿಸಿತು. 1998ರಲ್ಲಿ ಅವರ ಗ್ರಂಥವೂ, ರಿತು ಮೆನನ್ ಮತ್ತು ಕಮಲಾ ಭಸೀನರ ಗ್ರಂಥವೂ ಒಟ್ಟೊಟ್ಟಿಗೆ ಬಂದು, ಸ್ತ್ರೀಯರ ಅನುಭವವನ್ನು ಈ ವಿಚಾರದ ನಡುಮನೆಗೆ ತಂದುವು. ಅಲ್ಲಿಂದೀಚೆಗೆ ಸಂಗ್ರಹಕಾರ್ಯ ಭರದಿಂದ ಸಾಗಿದೆ: ಸ್ವಯಂಸೇವಕರು ಸಾವಿರಾರು ಮಂದಿಯ ಮಾತುಗಳನ್ನು ಚಿತ್ರಮುದ್ರಿಸಿ ಕೂಡಿಟ್ಟಿದ್ದಾರೆ; 2017ರಲ್ಲಿ ಅಮೃತಸರದ ಪುರಭವನದಲ್ಲಿ ವಿಭಜನೆಯ ವಸ್ತುಸಂಗ್ರಹಾಲಯ ತೆರೆದಿದೆ; ಅದೇ ವರ್ಷ ಆಂಚಲ್ ಮಲ್ಹೋತ್ರಾ ಅವರು, ಬಟ್ಟೆ ಅಳೆಯುವ ಒಂದು ಗಜಕೋಲು ಮತ್ತು ಲಸ್ಸಿ ಕಡೆಯುವ ಒಂದು ಲೋಹದ ಕೊಡ, ತಮ್ಮದೇ ಬಂಧುಗಳ ಮನೆಯಲ್ಲಿ ಗಡಿ ದಾಟಿ ಬಂದಿದ್ದ ಈ ಎರಡು ವಸ್ತುಗಳಿಂದ ಆರಂಭಿಸಿ, ಜನ ಹೊತ್ತು ತಂದ ವಸ್ತುಗಳ ಮೂಲಕವೇ ಇತಿಹಾಸವನ್ನು ಹೇಳುವ ಪುಸ್ತಕವನ್ನು ಪ್ರಕಟಿಸಿದ್ದಾರೆ. ಈ ವಿಧಾನ ನನಗೆ ಬಹಳ ಹಿಡಿಸಿದೆ. ‘ನಿಮಗೆ ಏನಾಯಿತು?’ ಎಂದು ನೇರವಾಗಿ ಕೇಳಿದರೆ ಬಾಯಿ ಕಟ್ಟುವ ಅಜ್ಜಿ, ಕೊಡವನ್ನು ಕೈಗೆ ಕೊಟ್ಟರೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಮಾತನಾಡಬಲ್ಲಳು.

ಆದರೂ ಇದೆಲ್ಲ ತಡವಾಗಿ ಬಂದ ಕೆಲಸ. 70 ವರ್ಷಗಳ ಬಳಿಕ ಮಾತನಾಡಿದವರು ಆಗ ಮಕ್ಕಳಾಗಿದ್ದವರು. ನಿರ್ಧಾರ ಮಾಡಿದವರು, ಕೊಂದವರು, ಮಕ್ಕಳನ್ನು ಬಿಟ್ಟು ಬಂದ ತಾಯಂದಿರು, ಇವರೆಲ್ಲ ಆ ವೇಳೆಗೆ ಗತಿಸಿದ್ದರು. ಮಗುವಿನ ನೆನಪಿನಲ್ಲಿ ಬಾಯಾರಿಕೆ, ಅಪ್ಪನ ಹೆಗಲು, ರೈಲಿನ ಮೇಲ್ಛಾವಣಿಯ ಬಿಸಿ ಇವು ಪ್ರಾಮಾಣಿಕವಾಗಿ ಉಳಿದಿರುತ್ತವೆ. ಉಳಿದದ್ದನ್ನು ಅದು ಹಿರಿಯರಿಂದಲೂ, ಮುಂದೆ ಚಲಚ್ಚಿತ್ರಗಳಿಂದಲೂ ತುಂಬಿಕೊಂಡಿರುತ್ತದೆ. ಕೊಂದವರ ಸ್ಮೃತಿಯಂತೂ ಯಾವ ಸಂಗ್ರಹದಲ್ಲಿಯೂ ಕಾಣುವುದೇ ದುರ್ಲಭ. ಎಲ್ಲ ಕಥನಗಳಲ್ಲಿಯೂ ದಾಳಿಕಾರರು ಹೊರಗಿನ ಊರಿನವರು, ನಮ್ಮೂರಿನವರು ಒಳ್ಳೆಯವರು. ಎಲ್ಲ ಊರುಗಳೂ ಒಳ್ಳೆಯವಾಗಿದ್ದರೆ ಹೊರಗಿನವರು ಬಂದದ್ದು ಯಾವ ಊರಿನಿಂದ ಎಂಬ ಪ್ರಶ್ನೆಗೆ ಸಂದರ್ಶನಗಳ ಈ ದೊಡ್ಡ ರಾಶಿಯಲ್ಲಿ ಉತ್ತರವಿಲ್ಲ. ಅಲ್ವರ್ ಮತ್ತು ಭರತಪುರಗಳಲ್ಲಿ 1947ರಲ್ಲಿ ಹತರಾದ, ಓಡಿಸಲ್ಪಟ್ಟ ಮೇವ್ ಜನರ ವೃತ್ತಾಂತವನ್ನು ಶೈಲ್ ಮಾಯಾರಾಮರು ಜಾನಪದದಿಂದಲೂ ಬಾಯಿಮಾತಿನಿಂದಲೂ ಹೆಕ್ಕಿ ತೆಗೆಯುವವರೆಗೆ, ಆ ಪ್ರದೇಶದ ಹೊರಗೆ ಅದನ್ನು ಬಲ್ಲವರೇ ಕಡಿಮೆ. ದೆಹಲಿಯ ಮುಸಲ್ಮಾನರಲ್ಲಿ ಎಷ್ಟೋ ಕುಟುಂಬಗಳವರು ಊರು ಬಿಡದೆಯೇ ನಿರಾಶ್ರಿತರಾದರು. ಭಯದಿಂದ ಪುರಾನಾ ಕಿಲೆಯ ಶಿಬಿರಕ್ಕೆ ಹೋಗಿ ಮರಳುವಷ್ಟರಲ್ಲಿ ಅವರ ಮನೆ ‘ತೆರವಾದವರ ಆಸ್ತಿ’ಯೆನಿಸಿ, ಒಳಗೆ ಬೇರೊಂದು ನಿರಾಶ್ರಿತ ಕುಟುಂಬ ಒಲೆ ಹೊತ್ತಿಸಿದ್ದಿತು. 1948ರ ಜುಲೈನಿಂದ ಗಡಿ ದಾಟಲು ಪರವಾನಗಿಯ ಪದ್ಧತಿ ಬಂದ ಮೇಲೆ, ಬಂಧುಗಳನ್ನು ನೋಡಲು ಹೋದವರು ಅಲ್ಲಿಯೇ ಸಿಕ್ಕಿಬಿದ್ದರು. ವಜೀರಾ ಜಮೀಂದಾರರ ಗ್ರಂಥ ಇದನ್ನು ವಿವರವಾಗಿ ಚಿತ್ರಿಸಿದೆ.

ಕರ್ನಾಟಕವು ಈ ಇತಿಹಾಸದಿಂದ ದೂರವೆಂದು ನಾವು ಸಾಮಾನ್ಯವಾಗಿ ಭಾವಿಸಿದ್ದೇವೆ. ಆದರೆ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ನಾಲೆಯ ನೀರಾವರಿಯ ಸೀಮೆಯಲ್ಲಿ, ‘ಆರ್. ಎಚ್. ಕ್ಯಾಂಪ್’ (ಪುನರ್ವಸತಿ ಶಿಬಿರ) ಎಂಬ ಹೆಸರಿನ ಮುಂದೆ ಸಂಖ್ಯೆಗಳನ್ನು ಹೊತ್ತು ನಿಂತಿರುವ ಊರುಗಳು ಬಹುಮಟ್ಟಿಗೆ ಪೂರ್ವ ಬಂಗಾಳದಿಂದ ಬಂದವರವು. ಇವರಲ್ಲಿ ಹೆಚ್ಚಿನವರು ನಾಮಶೂದ್ರರು. ‘ಯುಗಾಂತರ’ದ ಲೇಖನಗಳನ್ನು ಬರೆದ ಮೇಲುಜಾತಿಯ ವಿದ್ಯಾವಂತರಲ್ಲ. ಬಂಗಾಳದಲ್ಲಿ ನೆಲೆ ಸಿಗದೆ ದೂರದೂರದ ಪ್ರಾಂತಗಳಿಗೆ ಕಳಿಸಲ್ಪಟ್ಟವರಲ್ಲಿ ದಂಡಕಾರಣ್ಯದ ಪಾಲಿಗೆ ಬಿದ್ದವರು ಹಲವರಾದರೆ, ನಮ್ಮ ರಾಯಚೂರಿನ ಎರೆಮಣ್ಣಿಗೆ ಬಂದವರು ಇವರು. ಭತ್ತದ ಗದ್ದೆ ಇವರಿಗೆ ಹೊಸದಲ್ಲ, ಬಿಸಿಲು ಹೊಸದು. ಮಕ್ಕಳು ಕನ್ನಡ ಕಲಿತರು, ಮನೆಯಲ್ಲಿ ಬಂಗಾಳಿ ಉಳಿಯಿತು, ದುರ್ಗಾಪೂಜೆ ಸಿಂಧನೂರಿನ ಕಡೆಯ ಹಬ್ಬಗಳಲ್ಲಿ ಒಂದಾಯಿತು. ಇಂದಿಗೂ ಸರ್ಕಾರದ ಕಚೇರಿ ಇವರನ್ನು ಕೇಳುವ ಪ್ರಶ್ನೆಗಳು ಎರಡೇ: ಪೌರತ್ವದ ಕಾಗದವೆಲ್ಲಿ, ಜಾತಿಯ ಪ್ರಮಾಣಪತ್ರವೆಲ್ಲಿ? ಬಂಗಾಳದಲ್ಲಿ ಪರಿಶಿಷ್ಟರಾದ ಇವರ ಜಾತಿ ಕರ್ನಾಟಕದ ಪಟ್ಟಿಯಲ್ಲಿಲ್ಲ. ಆದುದರಿಂದ ಕ್ಯಾಂಪಿನ ಮುದುಕರು ತಾವು ಬಂದ ಬಗೆಯನ್ನು ಹೇಳುವಾಗ, ಆ ಎರಡು ಕಾಗದಗಳಿಗೆ ಒದಗುವಂತೆ ಇಸವಿಯನ್ನೂ ಶಿಬಿರದ ಹೆಸರನ್ನೂ ಮುಂದಿಡುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕಿಂತಲೂ ಹತ್ತಿರದ್ದು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ 1948. ನಿಜಾಮನ ಪರವಾಗಿ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಗೆ ಹೆದರಿ ಬೀದರ, ಕಲಬುರಗಿ, ರಾಯಚೂರುಗಳ ಹಳ್ಳಿಗರು ಮುಂಬಯಿ ಪ್ರಾಂತದ ಗಡಿಯನ್ನು ದಾಟಿ ಬಂದರು. ಮುಂಡರಗಿ, ಗಜೇಂದ್ರಗಡ ಮೊದಲಾದ ಕಡೆಗಳಲ್ಲಿ ಹೋರಾಟದ ಶಿಬಿರಗಳು ಎದ್ದುವು. ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಸಾಮೂಹಿಕ ಹತ್ಯೆ ನಡೆಯಿತು. ಭಾರತದ ಸೇನಾ ಕಾರ್ಯಾಚರಣೆಯ ಎದುರಿಗೆ ಸೆಪ್ಟೆಂಬರ್ 17ರಂದು ನಿಜಾಮನು ಶರಣಾದನು. ಆ ಬಳಿಕದ ವಾರಗಳಲ್ಲಿ ನಡೆದುದು ಮತ್ತೊಂದು ಅಧ್ಯಾಯ: ಭಾರತ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಆ ವರ್ಷದ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿ, ಕಾರ್ಯಾಚರಣೆಯ ವೇಳೆಯಲ್ಲಿಯೂ ತರುವಾಯವೂ 27 ಸಾವಿರದಿಂದ 40 ಸಾವಿರ ಮಂದಿ ಸತ್ತಿರಬೇಕೆಂದೂ, ಅವರಲ್ಲಿ ಮುಸಲ್ಮಾನರೇ ಬಹುಪಾಲೆಂದೂ, ಬೀದರ ಮತ್ತು ಕಲಬುರಗಿಗಳು ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಸೇರಿವೆಯೆಂದೂ ಅಂದಾಜು ಮಾಡಿತು. ಆ ವರದಿಯನ್ನು ಸರ್ಕಾರ ಬಹುಕಾಲ ಪ್ರಕಟಿಸಲಿಲ್ಲ. ಮೊದಲಿನ ಭಾಗವನ್ನು ಕುರಿತು ನಾವು ಕೇಳಿದ್ದೇವೆ: ಗೋರ್ಟಾದಲ್ಲಿ ಸ್ಮಾರಕವಿದೆ, ಪ್ರತಿವರ್ಷ ವಿಮೋಚನೆಯ ಉತ್ಸವವಿದೆ, ಗಡಿ ಶಿಬಿರದಲ್ಲಿದ್ದವರಿಗೆ ಹೋರಾಟಗಾರರ ಪಿಂಚಣಿ ದೊರೆತಿದೆ. ಪಿಂಚಣಿಯ ಅರ್ಜಿ ಶಿಬಿರ ಯಾವುದು, ನಾಯಕ ಯಾರು, ಜೈಲುವಾಸ ಎಷ್ಟು ದಿನ ಎಂದು ಕೇಳಿತು. ಮೂಟೆ ಹೊತ್ತು, ಎಮ್ಮೆ ಬಿಚ್ಚಿ, ಗಡಿಯಾಚೆಯ ನೆಂಟರ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಕಳೆದ ಹೆಂಗಸನ್ನು ಅದು ಕೇಳಲಿಲ್ಲ. ಎರಡನೆಯ ಭಾಗವನ್ನು ಕುರಿತು ಕನ್ನಡದಲ್ಲಿ ಕೇಳಿದವರು ತೀರ ಕಡಿಮೆ.

ಆಗ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರಕ್ಕೆ ಬಂದಿದ್ದಾರೆ. ಅವರನ್ನು ಕೇಳುವ ಕೆಲಸಕ್ಕೆ ದೊಡ್ಡ ಕಟ್ಟಡವಾಗಲಿ ಸರ್ಕಾರದ ಆದೇಶವಾಗಲಿ ಬೇಕಿಲ್ಲ. ಕನ್ನಡ, ಮರಾಠಿ, ದಖನಿ ಉರ್ದು ಮೂರನ್ನೂ ಮನೆಮಾತಿನಷ್ಟೇ ಸಲೀಸಾಗಿ ಆಡಬಲ್ಲ ಶಾಲಾ ಮಾಸ್ತರರು ಬೀದರ ಜಿಲ್ಲೆಯಲ್ಲಿ ಇಂದಿಗೂ ಹೇರಳವಾಗಿದ್ದಾರೆ. ಒಬ್ಬನೇ ಮಾಸ್ತರನು, ಒಂದೇ ಬೇಸಿಗೆಯ ರಜೆಯಲ್ಲಿ, ಗೋರ್ಟಾದಂತಹ ಊರಿನಲ್ಲಿ ಮೇ ತಿಂಗಳನ್ನು ಕಂಡವರ ಮನೆಗೂ, ಪಕ್ಕದ ಊರಿನಲ್ಲಿ ಸೆಪ್ಟೆಂಬರನ್ನು ಕಂಡವರ ಮನೆಗೂ ಹೋಗಿ, ಎರಡೂ ಕಡೆಯಲ್ಲಿ ಒಂದೇ ಪ್ರಶ್ನೆಗಳನ್ನು ಕೇಳಬೇಕು: ಅಂದು ಮನೆಯಲ್ಲಿ ಯಾರಾರು ಇದ್ದರು, ಯಾವ ದಾರಿಯಿಂದ ಹೋದಿರಿ, ನೀರು ಕೊಟ್ಟವರು ಯಾರು, ಎಲ್ಲಿ ಮಲಗಿದಿರಿ, ತಿರುಗಿ ಬಂದಾಗ ಮನೆಯಲ್ಲಿ ಏನು ಉಳಿದಿತ್ತು, ಯಾರು ಬರಲಿಲ್ಲ. ಹೇಳಿದ್ದನ್ನು ಅವರವರ ನುಡಿಯಲ್ಲಿಯೇ ಬರೆದುಕೊಂಡು, ಎರಡು ಮನೆಗಳ ಮಾತನ್ನೂ ಒಂದೇ ಪುಸ್ತಕದಲ್ಲಿ ಅಚ್ಚುಹಾಕಬೇಕು. ಮತ್ತು ಆ ಪುಸ್ತಕದ ಮೊದಲ ಪ್ರತಿಗಳು ಬೆಂಗಳೂರಿಗೆ ಬರುವ ಮುಂಚೆ ಆ ಎರಡು ಮನೆಗಳಿಗೆ ಹೋಗಬೇಕು.